ದನದ ಕೊಟ್ಟಿಗೆಯಿಂದ ಔಷಧದ ಡಬ್ಬಿಗೆ

ನಮ್ಮ ಗಡಿನಾಡಿನ ಅನೇಕ ಮನೆಗಳಲ್ಲಿ ಹಿರಿಯರು ದಿನವೂ ಒಂದೇ ಹೊತ್ತಿಗೆ ಸೇವಿಸುವ ಸಣ್ಣ ಗುಳಿಗೆಯೊಂದನ್ನು ನಾವೆಲ್ಲ ಕಂಡಿದ್ದೇವೆ. ‘ರಕ್ತ ತೆಳುವಾಗಿಸುವ ಮಾತ್ರೆ’ ಎಂಬುದು ಅದಕ್ಕೆ ರೂಢಿಯ ಹೆಸರು. ವಾಸ್ತವವಾಗಿ ಅದು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುತ್ತದೆ. ಅದರ ಚರಿತ್ರೆ ಆರಂಭವಾದುದು ದನದ ಕೊಟ್ಟಿಗೆಯಲ್ಲಿ.

1920ರ ದಶಕದಲ್ಲಿ ಕೆನಡಾ ಹಾಗೂ ಅಮೆರಿಕದ ಬಯಲುಸೀಮೆಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವೇ ಇದಕ್ಕೆ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿಕೊಟ್ಟರು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ಪ್ರಾಂತದ ರೈತ ಎಡ್ ಕಾರ್ಲ್‌ಸನ್, ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೇರಿಕೊಂಡು, ಹಿಮಗಾಳಿಯ ನಡುವೆ ಮ್ಯಾಡಿಸನ್ನಿನ ವಿಶ್ವವಿದ್ಯಾಲಯಕ್ಕೆ ಬಂದನು. ಅಲ್ಲಿಯ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯವು 1939ರಲ್ಲಿ ಆ ಮೇವಿನ ವಿಷವಸ್ತುವನ್ನು ಬೇರ್ಪಡಿಸಿತು. ಅದೇ ಕುಲದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ಮರುವರ್ಷ ಹೃದಯಾಘಾತಕ್ಕೀಡಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಅದನ್ನು ಕೊಡಲಾಯಿತು.

ವಿಷಕ್ಕೂ ಮದ್ದಿಗೂ ಇಲ್ಲಿರುವ ಅಂತರ ಪ್ರಮಾಣವೊಂದೇ. ಪ್ರಮಾಣ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿನ ಭಯ; ಹೆಚ್ಚಾದರೆ ರಕ್ತಸ್ರಾವದ ಭಯ. ಆದರೆ ಬಹುಕಾಲ ಒಂದೊಂದು ಪ್ರಯೋಗಾಲಯದ ಫಲಿತಾಂಶ ಒಂದೊಂದು ಬಗೆಯಾಗಿರುತ್ತಿತ್ತು. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ‘ಐಎನ್‌ಆರ್’ ಎಂಬ ಸಮಾನ ಅಳತೆಯನ್ನು ರೂಢಿಗೆ ತಂದಿತು. ಅಂದಿನಿಂದ ಊರಿನ ಸಾಮಾನ್ಯ ವೈದ್ಯರೂ ಯಾವ ಪ್ರಯೋಗಾಲಯದ ಅಂಕಿಯನ್ನಾದರೂ ಓದಿ, ವರ್ಷಗಟ್ಟಲೆ ರೋಗಿಯನ್ನು ನೋಡಿಕೊಳ್ಳುವುದು ಸುಗಮವಾಯಿತು. ಸಾಮಾನ್ಯವಾಗಿ ಆ ಅಂಕಿ 2ರಿಂದ 3ರೊಳಗೆ ಇರಬೇಕು; ಕೆಲವು ಕೃತಕ ಕವಾಟಗಳಿಗೆ ತುಸು ಹೆಚ್ಚು.

1990ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯು ಸ್ವದೇಶಿ ಹೃದಯ ಕವಾಟವನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಿತು. ಇಂತಹ ಯಾಂತ್ರಿಕ ಕವಾಟ ಪಡೆದವರಿಗೆ ಈ ಗುಳಿಗೆ ಜೀವನಪರ್ಯಂತದ ಸಂಗಾತಿ. 2010ರ ಈಚೆಗೆ ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಔಷಧಗಳು ಬಂದಿವೆಯಾದರೂ ಯಾಂತ್ರಿಕ ಕವಾಟದವರಿಗೆ ಅವು ಸಲ್ಲವು.

ಆದ್ದರಿಂದ ಇಂತಹವರ ಪಾಲಿಗೆ ರಕ್ತಪರೀಕ್ಷೆಯೂ ಔಷಧದ ಒಂದು ಭಾಗವೇ. ಬಸಳೆ, ನುಗ್ಗೆಸೊಪ್ಪುಗಳನ್ನು ತೊರೆಯಬೇಕಿಲ್ಲ; ಒಂದೇ ಹದದಲ್ಲಿ ಉಣ್ಣಬೇಕು. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲೋ ನೆರೆಭಾಷೆಯಲ್ಲೋ ಇರುತ್ತದೆ. ಅಜ್ಜಿ ಓದಬಲ್ಲುದು ಕನ್ನಡವನ್ನು ಮಾತ್ರ. ಪರೀಕ್ಷೆಯ ದಿನ, ಬಂದ ಅಂಕಿ, ಗುಳಿಗೆಯ ಪ್ರಮಾಣ, ಈ ಮೂರನ್ನು ಮನೆಯ ಮಕ್ಕಳು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಲಿ. ಸಮ್ಮೇಳನದ ವೇದಿಕೆಯಲ್ಲಿ ನಾವು ಉಳಿಸಬಯಸುವ ಕನ್ನಡ, ಮನೆಯೊಳಗೆ ಒಂದು ಜೀವವನ್ನೂ ಉಳಿಸೀತು.