ಗಜದ ಲೆಕ್ಕ ಮತ್ತು ನೆಲದ ಲೆಕ್ಕ: ಗಾಲ್ಫ್ ಹೋಲ್‌ಗಳ ಉದ್ದದ ಚರಿತ್ರೆ

ಗಾಲ್ಫ್‌ನಲ್ಲಿ ಹೋಲ್ ಎಂದರೆ ಚೆಂಡು ಬೀಳುವ 4.25 ಅಂಗುಲ ಅಗಲದ ಕುಳಿ ಮಾತ್ರವಲ್ಲ. ಮೊದಲ ಹೊಡೆತ ಹೊಡೆಯುವ ಟೀಯಿಂದ ಕುಳಿ ಇರುವ ಗ್ರೀನ್‌ವರೆಗಿನ ಇಡೀ ಹಾದಿಗೂ ಅದೇ ಹೆಸರು. ನುರಿತ ಆಟಗಾರ ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಬಹುದಾದರೆ ಅದು ಗಿಡ್ಡ ಹೋಲ್. ಎರಡು ಹೊಡೆತ ಬೇಕಾದರೆ ಮಧ್ಯಮ. ಮೂರು ಬೇಕಾದರೆ ಉದ್ದ. ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸಲು ಇನ್ನೆರಡು ಹೊಡೆತಗಳನ್ನು ಲೆಕ್ಕಕ್ಕೆ ಸೇರಿಸುವುದರಿಂದ ಈ ಮೂರಕ್ಕೂ ಕ್ರಮವಾಗಿ ಪಾರ್ 3, ಪಾರ್ 4, ಪಾರ್ 5 ಎಂಬ ಅಂಕಿ ಬಂದಿದೆ. ಪೂರ್ಣ ಪ್ರಮಾಣದ ಅಂಗಳದಲ್ಲಿ 18 ಹೋಲ್‌ಗಳಿದ್ದು, ಸಾಮಾನ್ಯವಾಗಿ ನಾಲ್ಕು ಗಿಡ್ಡ, ನಾಲ್ಕು ಉದ್ದ, ಉಳಿದ ಹತ್ತು ಮಧ್ಯಮ. ಒಟ್ಟು ಪಾರ್ 72.

ಯಾವ ಉದ್ದದ ಹೋಲ್ ಚೆಂದ ಎಂಬ ಚರ್ಚೆ ಆಟದಷ್ಟೇ ಹಳೆಯದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗೆ 22 ಹೋಲ್‌ಗಳಿದ್ದವು. 1764ರಲ್ಲಿ ಅಲ್ಲಿನ ಸದಸ್ಯರು ಮೊದಲ ನಾಲ್ಕು ಹೋಲ್‌ಗಳು ತೀರ ಗಿಡ್ಡವಾದವೆಂದು ಅವನ್ನು ಎರಡಾಗಿ ಕೂಡಿಸಿದರು. ಹೋಗುವಾಗಲೂ ಬರುವಾಗಲೂ ಅದೇ ಹಾದಿಯಲ್ಲಿ ಆಡುತ್ತಿದ್ದುದರಿಂದ ಒಟ್ಟು ಸಂಖ್ಯೆ 18ಕ್ಕೆ ಇಳಿಯಿತು. ಇಂದು ಜಗತ್ತೆಲ್ಲ ಪಾಲಿಸುವ 18ರ ಲೆಕ್ಕದ ಹಿಂದೆ ಗಿಡ್ಡ ಹೋಲ್‌ಗಳ ಬಗೆಗಿನ ಈ ಅಸಮಾಧಾನವಿದೆ. ಆಗಿನ ಚೆಂಡು ತೊಗಲಿನ ಚೀಲದೊಳಗೆ ಹಕ್ಕಿಯ ಪುಕ್ಕ ತುರುಕಿ ಹೊಲಿದದ್ದು. 1848ರ ಹೊತ್ತಿಗೆ ಮರದ ಅಂಟಿನಿಂದ ಮಾಡಿದ ಗಟ್ಟಾಪರ್ಚಾ ಚೆಂಡು ಬಂತು. ಶತಮಾನದ ಕೊನೆಗೆ ರಬ್ಬರ್ ದಾರ ಸುತ್ತಿದ ಹ್ಯಾಸ್ಕೆಲ್ ಚೆಂಡು ಬಂತು. 1902ರ ಬ್ರಿಟಿಷ್ ಓಪನ್ ಅನ್ನು ಸ್ಯಾಂಡಿ ಹರ್ಡ್ ಈ ಹೊಸ ಚೆಂಡಿನಿಂದ ಗೆದ್ದ ಮೇಲೆ ಹಳೆಯದು ಮೂಲೆ ಸೇರಿತು. ಚೆಂಡು ದೂರ ಹಾರತೊಡಗಿದಂತೆ ನಿನ್ನೆಯ ಉದ್ದ ಹೋಲ್ ಇಂದಿನ ಮಧ್ಯಮವಾಯಿತು. 1911ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ 225 ಗಜದವರೆಗೆ ಪಾರ್ 3, 425 ಗಜದವರೆಗೆ ಪಾರ್ 4, 600 ಗಜದವರೆಗೆ ಪಾರ್ 5 ಎಂದು ಗೆರೆ ಎಳೆಯಿತು. ಈಗಿನ ಮಾರ್ಗಸೂಚಿಯಲ್ಲಿ ಪುರುಷರ ಪಾರ್ 3 ಹೋಲ್ 260 ಗಜದವರೆಗೂ, ಪಾರ್ 4 ಹೋಲ್ 490 ಗಜದವರೆಗೂ ಹೋಗಬಹುದು.

ಆಟಗಾರರ ಒಲವನ್ನು ನೇರವಾಗಿ ಕೇಳಿದ ಹಳೆಯ ಪ್ರಯತ್ನಗಳಲ್ಲಿ ಲಂಡನ್ನಿನ ‘ಗಾಲ್ಫ್ ಇಲಸ್ಟ್ರೇಟೆಡ್’ ಪತ್ರಿಕೆಯದು ಮುಖ್ಯವಾದದ್ದು. ಒಂದು, ಎರಡು, ಮೂರು ಹೊಡೆತದ ಹೋಲ್‌ಗಳಲ್ಲಿ ಅತ್ಯುತ್ತಮವಾದವು ಯಾವುವೆಂದು 1901ರಲ್ಲಿ ಅದು ಹೆಸರಾಂತ ಆಟಗಾರರನ್ನು ಕೇಳಿತು. ಈ ಚರ್ಚೆಯಿಂದಲೇ ಪ್ರೇರಣೆ ಪಡೆದು ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಅಮೆರಿಕದಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಕಟ್ಟಿದ. ಅಲ್ಲಿ ಅವನು ಮಾದರಿಯಾಗಿ ಇಟ್ಟುಕೊಂಡ ಸೇಂಟ್ ಆಂಡ್ರೂಸ್‌ನ ಈಡನ್, ನಾರ್ತ್ ಬೆರ್ವಿಕ್‌ನ ರೆಡಾನ್, ಪ್ರೆಸ್ಟ್‌ವಿಕ್‌ನ ಆಲ್ಪ್ಸ್ ಹೋಲ್‌ಗಳು ಹೆಸರಾದದ್ದು ಉದ್ದಕ್ಕಾಗಿ ಅಲ್ಲ. ನೆಲದ ಇಳಿಜಾರು, ದಿಬ್ಬ, ಮರಳುಗುಂಡಿಗಳಾದ ಬಂಕರುಗಳು ಆಟಗಾರನನ್ನು ಯೋಚನೆಗೆ ಹಚ್ಚುವ ರೀತಿಗಾಗಿ.

ಭಾರತಕ್ಕೆ ಈ ಆಟ ಬಹಳ ಬೇಗ ಬಂತು. ಕಲ್ಕತ್ತೆಯ ಕ್ಲಬ್ 1829ರದು. ಬ್ರಿಟಿಷ್ ದ್ವೀಪಗಳಾಚೆ ಅದಕ್ಕಿಂತ ಹಳೆಯದು ಇನ್ನೊಂದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾಯಿತು. ಕನ್ನಡ ನಾಡಿನಲ್ಲಿ ಗಾಲ್ಫ್ ಹರಡಿದ ದಾರಿ ನೋಡಿದರೆ ಅದು ಮೂರು ಬಗೆಯ ಇಂಗ್ಲಿಷ್ ನೆಲೆಗಳನ್ನು ಹಿಂಬಾಲಿಸಿದ್ದು ಕಾಣುತ್ತದೆ: ಬೆಂಗಳೂರಿನ ದಂಡು, ಜಾನ್ ಟೇಲರ್ ಕಂಪನಿಯ ಕೋಲಾರ ಚಿನ್ನದ ಗಣಿ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟ. ಮೈಸೂರಿನಲ್ಲಿ ಅರಸರ ಆಶ್ರಯ ಸಿಕ್ಕಿತು. ಅಲ್ಲಿ ಇಂದಿಗೂ ಚಾಮುಂಡಿ ಬೆಟ್ಟದ ಬುಡದ ಕುದುರೆ ಓಟದ ಮೈದಾನದೊಳಗೇ ಗಾಲ್ಫ್ ನಡೆಯುತ್ತದೆ.

ಆದರೆ ಉತ್ತರ ಕರ್ನಾಟಕದ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಆಟ ಬೇರೂರಲಿಲ್ಲ. ಸುರಪುರಕ್ಕೆ ಇಂಗ್ಲಿಷರು ಬಾರದೆ ಇರಲಿಲ್ಲ. ಕರ್ನಲ್ ಮೆಡೋಸ್ ಟೇಲರ್ 1841ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಅಲ್ಲಿದ್ದ. ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಆದರೆ ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಮಡಿದ ಮೇಲೆ ಸಂಸ್ಥಾನ ಹೈದರಾಬಾದ್ ನಿಜಾಮನ ಆಡಳಿತಕ್ಕೆ ಸೇರಿತು. ಬೆಂಗಳೂರಿನಂಥ ದಂಡಾಗಲಿ, ಕೋಲಾರದಂಥ ಗಣಿಯಾಗಲಿ ಅಲ್ಲಿ ಬೆಳೆಯಲಿಲ್ಲ. ನೆಲವೂ ಹುಲ್ಲುಹಾಸಿಗೆ ಒಗ್ಗುವಂಥದ್ದಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ. ಯಾದಗಿರಿ, ಶಹಾಪುರಗಳ ಬಳಿ ಬರೀ ಬಂಡೆಗುಡ್ಡ. ನಾರಾಯಣಪುರದ ಜಲಾಶಯದಿಂದ ನೀರು ಬಂದ ಮೇಲೆ ಅದು ಹೋದದ್ದು ಹೊಲಗದ್ದೆಗೆ, ಹೋಗಬೇಕಾದದ್ದೂ ಅಲ್ಲಿಗೇ. ಉತ್ತರ ಕರ್ನಾಟಕದ ಹುಡುಗರು ಕೋಲು ಹಿಡಿದು ಆಡುತ್ತ ಬಂದದ್ದು ಚಿಣಿ-ಫಣಿ. ಅಲ್ಲಿಯೂ ನೆಲದಲ್ಲಿ ಒಂದು ತಗ್ಗು ಉಂಟು, ದೂರದ ಅಳತೆಯೂ ಉಂಟು. ಆದರೆ ಲೆಕ್ಕ ಪೂರ್ತಿ ತಿರುವುಮುರುವು. ಚಿಣಿ ಎಂಬ ಚಿಕ್ಕ ಮರದ ತುಂಡು ತಗ್ಗಿನಿಂದ ಎಷ್ಟು ದೂರ ಹೋಗಿ ಬಿತ್ತೋ ಅದನ್ನು ಕೋಲಿನಿಂದ ಅಳೆದು ಅಷ್ಟನ್ನೂ ಗಳಿಕೆಗೆ ಸೇರಿಸುತ್ತಾರೆ. ಗಾಲ್ಫ್‌ನಲ್ಲಿ ದೂರಕ್ಕೆ ತನ್ನಷ್ಟಕ್ಕೆ ಅಂಕವಿಲ್ಲ. 250 ಗಜದ ಹೊಡೆತಕ್ಕೂ ಒಂದು ಅಡಿಯ ತಳ್ಳಿಗೂ ಬೆಲೆ ಒಂದೇ. ಗಿಡ್ಡ ಹೋಲ್‌ನ ಆಕರ್ಷಣೆ ಹುಟ್ಟುವುದು ಈ ಸಮಾನ ಬೆಲೆಯಿಂದಲೇ.

ಬೆಂಗಳೂರಿನ ಹಳೆಯ ಕ್ಲಬ್ಬಿನಲ್ಲಿ ಹೋಲ್‌ಗಳ ಉದ್ದವನ್ನು ಮೊದಲು ತೀರ್ಮಾನಿಸಿದ್ದು ಜಾಗ. ಸ್ಯಾಂಕಿ ರಸ್ತೆಯ ಬದಿ, ಹೈಗ್ರೌಂಡ್ಸ್ ಭಾಗದ ಈ ಅಂಗಳದ ಸುತ್ತ ರಸ್ತೆ, ಬಂಗಲೆ, ಹೋಟೆಲು ಬೆಳೆಯುತ್ತ ಹೋದಂತೆ ಹಿಗ್ಗಲು ದಾರಿ ಉಳಿಯಲಿಲ್ಲ. ಆದ್ದರಿಂದ ಅಲ್ಲಿ ಬಲಕ್ಕಿಂತ ಗುರಿಗೆ ಬೆಲೆ ಹೆಚ್ಚು. ಹೋಲ್‌ಗಳು ಒತ್ತೊತ್ತಾಗಿರುವಲ್ಲಿ ಚೆಂಡು ಪಕ್ಕಕ್ಕೆ ಹಾರಿದರೆ ಮರಗಳ ಸಾಲಿಗೋ ಪಕ್ಕದ ಹೋಲಿಗೋ ಬೀಳುತ್ತದೆ. ಇಂಥ ಅಂಗಳದಲ್ಲಿ ಕಲಿತವರು ದೂರ ಹೊಡೆಯುವ ಡ್ರೈವರ್ ಕೋಲನ್ನು ಚೀಲದಲ್ಲೇ ಬಿಟ್ಟು, ಗುರಿಗೆ ಒದಗುವ ಐರನ್ ಕೋಲನ್ನು ತೆಗೆಯುವುದನ್ನು ಬೇಗ ರೂಢಿ ಮಾಡಿಕೊಳ್ಳುತ್ತಾರೆ.

ಹಳೆಯ ಕಾಲದ ಆಟವನ್ನು ಅರ್ಥ ಮಾಡಿಕೊಳ್ಳಲು ಇನ್ನೊಂದು ವಿಷಯ ತಿಳಿದಿರಬೇಕು. ಭಾರತದ ಎಷ್ಟೋ ಅಂಗಳಗಳಲ್ಲಿ ಗ್ರೀನ್ ಇರಲಿಲ್ಲ, ಬ್ರೌನ್ ಇತ್ತು. ವರ್ಷವಿಡೀ ನೀರುಣಿಸಿ ಹುಲ್ಲನ್ನು ನುಣ್ಣಗೆ ಇಡುವುದು ಆಗದ ಮಾತಾದ್ದರಿಂದ ಕುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು ಹರಡಿ ಮಟ್ಟ ಮಾಡುತ್ತಿದ್ದರು. ಸುತ್ತಲಿನ ಬೇಸಿಗೆಯ ನೆಲ ಕಲ್ಲಿನಂತೆ ಗಟ್ಟಿ; ಎತ್ತರದಿಂದ ಬಂದ ಚೆಂಡು ಪುಟಿದು ಓಡಿಬಿಡುತ್ತದೆ. 150 ಗಜದ ಗಿಡ್ಡ ಹೋಲ್ ಕಾಗದದ ಮೇಲೆ ಸುಲಭ, ಬ್ರೌನ್ ಇದ್ದಲ್ಲಿ ಕಷ್ಟ. ಉದ್ದ ಹೋಲ್‌ನಲ್ಲಿ ಮಾತ್ರ ಇದೇ ಗಟ್ಟಿ ನೆಲ ಆಟಗಾರನ ಪರ, ಏಕೆಂದರೆ ಉರುಳುವ ಪ್ರತಿ ಗಜವೂ ಲಾಭ. ಎತ್ತರದ ಊರುಗಳಲ್ಲಿ ಗಾಳಿ ತೆಳುವಾದ್ದರಿಂದ ಚೆಂಡು ಹಾರುವುದೂ ದೂರವೇ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೂರಕ್ಕೆ ಸುಮಾರು ಮೂರು ಗಜ ಹೆಚ್ಚು ಸಿಗುತ್ತದೆ, ಮಡಿಕೇರಿಯಲ್ಲಿ ಇನ್ನೂ ತುಸು ಹೆಚ್ಚು.

ಕರ್ನಾಟಕದ ಆಟಗಾರರಿಗೆ ನಿಜವಾದ ಉದ್ದ ಸಿಕ್ಕಿದ್ದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಂಗಳದಲ್ಲಿ. ದೊಮ್ಮಲೂರಿನ ಬಳಿ, ಹಳೆಯ ವಿಮಾನ ನಿಲ್ದಾಣದ ದಾರಿಯಲ್ಲಿರುವ ಈ ಜಾಗ ಚಲ್ಲಘಟ್ಟ ಕೆರೆಯ ಅಂಗಳ. ಬೆಂಗಳೂರು ತನ್ನದೊಂದು ಕೆರೆಯನ್ನು ಕಳೆದುಕೊಂಡ ಕಥೆಯೂ ಇದೇ ನೆಲದ್ದು. ಆಟದ ಚರಿತ್ರೆ ಬರೆಯುವವರು ಅದನ್ನು ಮರೆಯಬಾರದು. ಐದು ಸಲ ಬ್ರಿಟಿಷ್ ಓಪನ್ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಅವರ ಸಂಸ್ಥೆ ಇದನ್ನು ವಿನ್ಯಾಸ ಮಾಡಿತು. ಪಾರ್ 72ರ ಈ ಅಂಗಳ ಹಿಂದಿನ ಟೀಗಳಿಂದ ಸುಮಾರು 7,000 ಗಜ. 2012ರ ಇಂಡಿಯನ್ ಓಪನ್ ಇಲ್ಲಿ ನಡೆದಾಗ ಗೆದ್ದವರು ನಲವತ್ತು ದಾಟಿದ್ದ ಥಾಯ್ಲೆಂಡಿನ ಥಾವರ್ನ್ ವಿರಾಚಾಂತ್.

ಉದ್ದ ಹೋಲ್ ವೃತ್ತಿಪರರಿಗೆ ಪ್ರಿಯವಾಗುವುದಕ್ಕೆ ಸರಳ ಕಾರಣವಿದೆ. ಪಾರ್ 5ರ ಗ್ರೀನನ್ನು ಅವರು ಎರಡೇ ಹೊಡೆತಕ್ಕೆ ಮುಟ್ಟಬಲ್ಲರು. ಪಾರ್‌ಗಿಂತ ಕಡಿಮೆ ಹೊಡೆತಗಳನ್ನು ಅವರು ಗಳಿಸುವುದು ಬಹುಪಾಲು ಇಲ್ಲೇ. ಪಾರ್ 3ರಲ್ಲಿ ಅಂಥ ಉಳಿತಾಯಕ್ಕೆ ಎಡೆಯಿಲ್ಲ. ವಾರಕ್ಕೊಮ್ಮೆ ಆಡುವ ಹವ್ಯಾಸಿಯ ಮನಸ್ಸು ಬೇರೆ. ಉದ್ದ ಹೋಲ್‌ನಲ್ಲಿ ಅವನಿಗೆ ತಪ್ಪು ಮಾಡಲು ಹೆಚ್ಚು ಅವಕಾಶ, ಒಂದು ಕೆಟ್ಟ ಹೊಡೆತ ಇನ್ನೆರಡನ್ನು ಎಳೆದು ತರುತ್ತದೆ. ಗಿಡ್ಡ ಹೋಲ್‌ನಲ್ಲಿ ಒಂದೇ ಒಂದು ಒಳ್ಳೆಯ ಹೊಡೆತ ಬಿದ್ದರೆ ಅವನೂ ಚಾಂಪಿಯನ್ನನಿಗೆ ಸಮ. ಟೀಯಿಂದ ನೇರ ಕುಳಿಗೆ ಬೀಳುವ ಭಾಗ್ಯವೂ ಅಲ್ಲೇ ಹೆಚ್ಚು. ಮಧ್ಯಮ ಹೋಲ್‌ಗಳನ್ನು ಮೆಚ್ಚುವವರು ಕಡಿಮೆ, ಆದರೆ ಹದಿನೆಂಟರಲ್ಲಿ ಹತ್ತು ಅವೇ ಆಗಿರುವುದರಿಂದ ಆಟದ ಗೆಲುವು ಸೋಲು ಅಲ್ಲಿ ನಿಂತಿದೆ. ಅವುಗಳಲ್ಲೂ 300 ಗಜದ ಆಸುಪಾಸಿನ ಪಾರ್ 4 ಅತ್ಯಂತ ಸ್ವಾರಸ್ಯದ್ದು: ಬಲವುಳ್ಳವನು ಒಂದೇ ಹೊಡೆತಕ್ಕೆ ಸಾಹಸ ಮಾಡಬಹುದು, ಜಾಣ ಎರಡು ಹಗುರ ಹೊಡೆತಗಳಲ್ಲಿ ಅದೇ ಫಲ ಪಡೆಯಬಹುದು.

ಬೆಂಗಳೂರಿನಲ್ಲಿ ಪಳಗಿದ ಇಬ್ಬರು ಆಟಗಾರರು ಈ ಎರಡು ಗುಣಗಳನ್ನು ಎತ್ತಿ ತೋರಿಸಿದ್ದಾರೆ. ಅನಿರ್ಬನ್ ಲಾಹಿರಿ 2015ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಐದನೆಯ ಸ್ಥಾನ ಹಂಚಿಕೊಂಡರು. ಅದೇ ವಾರ ದೂರ ಹೊಡೆಯುವ ಸ್ಪರ್ಧೆಯನ್ನು 327 ಗಜದ ಹೊಡೆತದಿಂದ ಗೆದ್ದರು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಚಲ್ಲಘಟ್ಟದ ಅಂಗಳದಲ್ಲೇ ಬಾಲ್ಯದಲ್ಲಿ ಆಟ ಕಲಿತ ಅದಿತಿ ಅಶೋಕ್ ಅವರ ಬಲ ಬೇರೆಡೆ ಇದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 60 ಆಟಗಾರ್ತಿಯರ ನಡುವೆ ಹೊಡೆತದ ದೂರದಲ್ಲಿ ಅವರು ಕೊನೆಯವರ ಸಾಲಿನಲ್ಲಿದ್ದರು. ಬೇರೆಯವರು ಗಿಡ್ಡ ಐರನ್ ಹಿಡಿದು ಗ್ರೀನ್‌ಗೆ ಹೊಡೆಯುವಲ್ಲಿ ಅವರು ದೂರ ಹೊಡೆಯುವ ಉದ್ದ ಕೋಲು ಹಿಡಿಯಬೇಕಾಯಿತು. ಅವರ ಪಾಲಿಗೆ ಮಧ್ಯಮ ಹೋಲ್‌ಗಳೆಲ್ಲ ಉದ್ದವಾಗಿದ್ದವು. ಅಷ್ಟಾದರೂ ಗ್ರೀನ್ ಮೇಲಿನ ಅಸಾಧಾರಣ ಹಿಡಿತದಿಂದ ನಾಲ್ಕು ಸುತ್ತುಗಳನ್ನು 269 ಹೊಡೆತಗಳಲ್ಲಿ, ಪಾರ್‌ಗಿಂತ 15 ಕಡಿಮೆಗೆ ಮುಗಿಸಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಉದ್ದದ ಅಳತೆ ಆಟಗಾರರ ಬಲಕ್ಕೆ ತಕ್ಕಂತೆ ಬದಲಾಗಬೇಕೆಂಬುದನ್ನು ಈಗ ನಿಯಮಗಳೂ ಒಪ್ಪಿವೆ. ಮಹಿಳೆಯರಿಗೆ ಪಾರ್ 3ರ ಮಿತಿ 220 ಗಜ, ಪಾರ್ 4ರ ಮಿತಿ 420 ಗಜ. ಒಂದೇ ಹೋಲಿಗೆ ಹಿಂದೆ ಮುಂದೆ ಹಲವು ಟೀಗಳನ್ನಿಟ್ಟು, ಹಿರಿಯರು, ಮಹಿಳೆಯರು, ಮಕ್ಕಳು ತಮಗೆ ಒಗ್ಗುವ ಕಡೆಯಿಂದ ಆಡಲು ಅನುವು ಮಾಡುವುದು ಎಲ್ಲ ಕಡೆ ರೂಢಿಯಾಗಿದೆ. ವೃತ್ತಿಪರರ ಹೊಡೆತ ಮಾತ್ರ ದೂರವಾಗುತ್ತಲೇ ಹೋದದ್ದರಿಂದ, ಆಟದ ನಿಯಮ ರೂಪಿಸುವ ಎರಡು ಸಂಸ್ಥೆಗಳು 2023ರ ಡಿಸೆಂಬರ್‌ನಲ್ಲಿ ಚೆಂಡಿನ ಪರೀಕ್ಷೆಯನ್ನು ಬಿಗಿಗೊಳಿಸಿ ಅದರ ದೂರ ತಗ್ಗಿಸುವ ತೀರ್ಮಾನ ಪ್ರಕಟಿಸಿದವು. ಹಿಗ್ಗಲು ಜಾಗವಿಲ್ಲದ ಹಳೆಯ ಅಂಗಳಗಳಿಗೆ, ಬೆಂಗಳೂರಿನ 1876ರ ಕ್ಲಬ್ಬಿನಂಥವಕ್ಕೆ, ಈ ತೀರ್ಮಾನದಿಂದ ಆಗುವ ಉಪಕಾರವೇ ದೊಡ್ಡದು.