ಗ್ರಾನೈಟ್ ಮೇಲೆ ಇಳಿಯುವುದು: ಪಾರ್ಕೂರ್ ಪೆಟ್ಟುಗಳ ಕುರಿತು ಒಂದು ಟಿಪ್ಪಣಿ

ಗೋಡೆ, ಕಟ್ಟೆಗಳಂಥ ಅಡ್ಡಿಗಳನ್ನು ಓಡುತ್ತ, ಜಿಗಿಯುತ್ತ ದಾಟುವ ಪಾರ್ಕೂರ್‌ನ ಅಪಾಯದ ಮಾತು ಬಂದರೆ ಎಲ್ಲರ ಗಮನ ಎತ್ತರದ ಕಡೆಗೇ ಹೋಗುತ್ತದೆ. ಚಿಕ್ಕಬಳ್ಳಾಪುರದವರಿಗಂತೂ ಅದು ಸಹಜ. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿಬಿದ್ದಾಗ ಅವನನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಅದು ಚಾರಣದಲ್ಲಾದ ಅವಘಡ. ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಏರುವ ‘ಕೋತಿರಾಜ್’ ಜ್ಯೋತಿರಾಜ್ ಅವರದ್ದು ಹತ್ತುವ ಸಾಹಸ. ಫ್ರಾನ್ಸಿನ ಲಿಸ್ ಪಟ್ಟಣದಲ್ಲಿ ದಾವಿದ್ ಬೆಲ್ ಮತ್ತು ಗೆಳೆಯರು ರೂಪಿಸಿದ ಪಾರ್ಕೂರ್ ಇವೆರಡಕ್ಕಿಂತ ಬೇರೆ. ಇಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು, ಪೆಟ್ಟಾಗುವುದೂ ಹೆಚ್ಚಾಗಿ ಇಳಿಯುವಾಗಲೇ.

2013ರಲ್ಲಿ ಪ್ರಕಟವಾದ ಜರ್ಮನ್ ಸಮೀಕ್ಷೆಯೊಂದು ಇದನ್ನೇ ಹೇಳುತ್ತದೆ. ಅಲ್ಲಿ ವರದಿಯಾದ ಪೆಟ್ಟುಗಳಲ್ಲಿ ಬಹುಪಾಲು ತರಚು ಗಾಯ. ಅರ್ಧಕ್ಕಿಂತ ಹೆಚ್ಚು ಪೆಟ್ಟು ನೆಲಕ್ಕೆ ಇಳಿಯುವ ಹೊತ್ತಿನವು. ಆದರೆ ಇಂಥ ಸಮೀಕ್ಷೆಗೆ ಉತ್ತರ ಕೊಡುವವರು ಇನ್ನೂ ಆಡುತ್ತಿರುವವರು. ಮಂಡಿ ಕೆಡಿಸಿಕೊಂಡು ಬಿಟ್ಟವರ ಲೆಕ್ಕ ಅದರಲ್ಲಿ ಸಿಗುವುದು ಕಷ್ಟ. ಹಾಗಾಗಿ ‘ಹೆಚ್ಚಿನವು ಸಣ್ಣ ಗಾಯಗಳೇ’ ಎಂಬ ಸಮಾಧಾನವನ್ನು ಅಲ್ಲಿಂದ ಪೂರ್ತಿ ಪಡೆಯಲಾಗದು.

ಇಳಿಯುವ ಲೆಕ್ಕ ಸರಳವಾದದ್ದು. ಎರಡು ಮೀಟರ್ ಎತ್ತರದಿಂದ ಧುಮುಕಿದ ದೇಹ ಕಾಲು ಸೆಟೆದು 10 ಸೆಂಟಿಮೀಟರ್‌ನೊಳಗೆ ನಿಂತರೆ, ನೆಲ ಅದರ ತೂಕದ ಸರಾಸರಿ 21 ಪಟ್ಟು ಬಲದಿಂದ ಮರಳಿ ಒತ್ತುತ್ತದೆ. ಮಂಡಿ, ಸೊಂಟ ಮಡಿಸುತ್ತ ಅರ್ಧ ಮೀಟರ್‌ನಲ್ಲಿ ನಿಂತರೆ 5 ಪಟ್ಟು ಮಾತ್ರ. ಮುಂದಕ್ಕೆ ವೇಗವಿದ್ದಾಗ ಉರುಳುವುದೂ ಇದಕ್ಕೇ. ಉರುಳು ಒಂದು ಭುಜದಿಂದ ಎದುರು ಬದಿಯ ಸೊಂಟಕ್ಕೆ ಓರೆಯಾಗಿ ಸಾಗಬೇಕು. ನೇರ ಲಾಗ ಹಾಕಿದರೆ ಬೆನ್ನುಮೂಳೆಯ ಮಣಿ ಮಣಿಯೂ ಕಲ್ಲಿಗೆ ತಾಗುತ್ತದೆ.

ಈ ಸೀಮೆಯಲ್ಲಿ ಕಲ್ಲಿಗೇನು ಕೊರತೆ! ಚಿಂತಾಮಣಿಯ ಅಂಬಾಜಿದುರ್ಗ ಇರಲಿ, ಗೌರಿಬಿದನೂರು, ಶಿಡ್ಲಘಟ್ಟ ಸುತ್ತಲಿನ ಗುಡ್ಡಗಳಿರಲಿ, ಕಲ್ಲುಕೂಚದ ಬೇಲಿ, ಚಪ್ಪಡಿ ಹಾಸಿದ ಮನೆ, ಕಲ್ಯಾಣಿಯ ಮೆಟ್ಟಿಲು ಎಲ್ಲವೂ ಗ್ರಾನೈಟ್. ಬಿಸಿಲು ಮಳೆಗೆ ಅದರ ಮೇಲ್ಪದರ ಸಡಿಲವಾಗಿ ಹರಳು ಹರಳಾದ ಗರಸು ಉದುರುತ್ತದೆ. ಒಣ ಬಂಡೆ ಬೂಟನ್ನು ಗಟ್ಟಿಯಾಗಿ ಹಿಡಿಯುತ್ತದೆ ನಿಜ. ಅದೇ ಬಂಡೆಯ ಮೇಲೆ ಒಂದು ಹಿಡಿ ಗರಸಿದ್ದರೆ ಹರಳುಗಳು ಅಂಗಾಲಿನಡಿ ಉರುಳಿ ಕಾಲು ಜಾರುತ್ತದೆ, ಊರಿದ ಅಂಗೈ ಸುಲಿಯುತ್ತದೆ. ಕೆಳಗೆ ಹೋಗಿ ಇಳಿಯುವ ಜಾಗವನ್ನು ಕೈಯಿಂದ ಸವರಿ ನೋಡುವುದು ಮೊಬೈಲ್ ವಿಡಿಯೊಗಳಲ್ಲಿ ಕಾಣುವುದೇ ಅಪರೂಪ.

ಗರಡಿಯಲ್ಲಿ ಹಾಗಲ್ಲ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಮಟ್ಟಿಯನ್ನು ಅಗೆದು ಸಡಿಲಿಸಿದ ಮೇಲೆಯೇ ಜೋಡಿ ಕಟ್ಟುವುದು. ನೆಲ ಸಿದ್ಧಪಡಿಸುವುದೂ ಅಲ್ಲಿ ಕಸರತ್ತಿನ ಭಾಗವೇ. ಹೊಸ ಹುಡುಗರಿಗೆ ಉರುಳುವುದನ್ನು ಗರಡಿಯ ಮಣ್ಣಿನಲ್ಲೇ ಕಲಿಸಿ, ಆಮೇಲೆ ಮೊಣಕಾಲೆತ್ತರದ ಕಟ್ಟೆಗೆ ಕರೆದೊಯ್ಯಬಹುದು. ಶಾಲೆಗಳ ಉದ್ದಜಿಗಿತದ ಮರಳು ಗುಂಡಿಯೂ ಆದೀತು. ಇದಕ್ಕೆ ದುಬಾರಿ ಮ್ಯಾಟ್‌ಗಳೇ ಬೇಕೆನ್ನುವ ವಾದವನ್ನು ನಾನು ಒಪ್ಪುವುದಿಲ್ಲ.

ಪೆಟ್ಟಾದ ಮೇಲಿನ ದಾರಿಯೂ ಮುಖ್ಯ. ಮಣಿಕಟ್ಟು ಊದಿಕೊಂಡರೆ ಈ ಭಾಗದಲ್ಲಿ ಮೊದಲು ನೆನಪಾಗುವುದು ಆಂಧ್ರದ ಪುತ್ತೂರು ಕಟ್ಟು. ಅದರ ಮೇಲಿನ ಜನರ ನಂಬಿಕೆಯನ್ನು ಹಗುರವಾಗಿ ನೋಡಬೇಕಿಲ್ಲ. ಆದರೆ ಹದಿಹರೆಯದಲ್ಲಿ ಮೂಳೆಯ ತುದಿಯ ಬೆಳವಣಿಗೆ ಫಲಕ ಇನ್ನೂ ಮುಚ್ಚಿರುವುದಿಲ್ಲ. ಅಲ್ಲಿನ ಮುರಿತ ಉಳುಕಿನಂತೆಯೇ ತೋರಬಹುದು. ಎಕ್ಸ್‌ರೇ ಆಗದೆ ಯಾವ ಕಟ್ಟೂ ಬೇಡ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಕೂಡಲೇ ಬಿಚ್ಚಿ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆಗೆ ಪೆಟ್ಟಾದವನನ್ನು ಎಬ್ಬಿಸಿ ಕೂರಿಸದೆ, ತಲೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡುವುದು ಲೇಸು.

ಕೊನೆಯದು ದಾಖಲೆಯ ವಿಷಯ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಕಟ್ಟಡದಿಂದ ಬಿದ್ದದ್ದಕ್ಕೆ ಡಬ್ಲ್ಯು 13, ಮರದಿಂದಾದರೆ ಡಬ್ಲ್ಯು 14, ಬಂಡೆಯಂಚಿನಿಂದಾದರೆ ಡಬ್ಲ್ಯು 15. ಪಾರ್ಕೂರ್‌ಗೆ ಪ್ರತ್ಯೇಕ ಸಂಕೇತವಿಲ್ಲ. ಆದರೆ ಪೆಟ್ಟಾದಾಗ ಏನು ಮಾಡುತ್ತಿದ್ದ ಎಂಬುದಕ್ಕೆ ಇನ್ನೊಂದು ಅಂಕಿ ಸೇರಿಸಲು ಅವಕಾಶವಿದೆ. ಆಟವಾಡುವಾಗ ಎಂಬುದಕ್ಕೆ ‘0’. ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಅಂಕಿಯ ಜೊತೆಗೆ ‘ಯಾವುದರ ಮೇಲೆ ಇಳಿದ’ ಎಂದು ಒಂದು ಸಾಲು ಬರೆದಿಟ್ಟರೆ ಮುಂದಿನ ಅಧ್ಯಯನವನ್ನು ಜರ್ಮನಿಯ ಅಂಕಿಗಳಿಂದ ಶುರು ಮಾಡಬೇಕಿಲ್ಲ.