ಇಸಿಜಿ ಸರಿಯಿದೆ ಎಂದ ಮೇಲೆ: ಪ್ರಾಥಮಿಕ ಚಿಕಿತ್ಸೆಯಲ್ಲಿ ಪ್ಯಾನಿಕ್ ಕಾಯಿಲೆಯನ್ನು ಗುರುತಿಸುವ ಬಗೆ

2025ರ ಜೂನ್–ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಹೃದಯಾಘಾತದ ಸುದ್ದಿಗಳು ಮೇಲಿಂದ ಮೇಲೆ ಬಂದಾಗ ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ಜನ ಬೆಳಗಿನಿಂದಲೇ ಸಾಲು ನಿಂತರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಆ ಸಾಲಿನಲ್ಲಿದ್ದ ಹೆಚ್ಚಿನವರದು ಸುದ್ದಿ ಹುಟ್ಟಿಸಿದ ಸಹಜ ಭಯ. ಅದನ್ನು ಕಾಯಿಲೆ ಎನ್ನಲಾಗದು. ಆದರೆ ಸುದ್ದಿಯೇನೂ ಇಲ್ಲದ ದಿನಗಳಲ್ಲೂ ಇಂಥ ಸಾಲಿನಲ್ಲಿ ಇನ್ನೊಂದು ಬಗೆಯ ರೋಗಿ ಇದ್ದೇ ಇರುತ್ತಾರೆ. ಕಾರಣವಿಲ್ಲದೆ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಕೈಕಾಲು ತಣ್ಣಗಾಗಿ, ಜೀವವೇ ಹೋದಂತಾಗಿ ಆಸ್ಪತ್ರೆಗೆ ಓಡಿ ಬಂದವರು. ಬರುವಷ್ಟರಲ್ಲಿ ಎಲ್ಲ ಇಳಿದಿರುತ್ತದೆ. ಇಸಿಜಿ ಸರಿಯಾಗಿರುತ್ತದೆ. ‘ಏನೂ ಇಲ್ಲ, ಗ್ಯಾಸ್ ಇರಬೇಕು’ ಎಂದು ಒಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ತಿಂಗಳೊಳಗೆ ಅವರು ಮತ್ತೆ ಬರುತ್ತಾರೆ, ಇಲ್ಲವೇ ಬೇರೆ ಆಸ್ಪತ್ರೆಗೆ ಹೋಗುತ್ತಾರೆ.

ಈ ಲೇಖನದ ವಾದ ಇಷ್ಟು: ನಮ್ಮ ಪ್ರಾಥಮಿಕ ಆರೋಗ್ಯ ವ್ಯವಸ್ಥೆಯಲ್ಲಿ ಪ್ಯಾನಿಕ್ ಕಾಯಿಲೆಯ ತಪಾಸಣೆಯನ್ನು ಹೊರರೋಗಿ ವಿಭಾಗಕ್ಕೆ ಬಂದ ಎಲ್ಲರ ಮೇಲೂ ಹೇರುವ ಬದಲು, ಹೃದಯ ಸರಿಯಿದೆ ಎಂದು ಖಚಿತವಾದ ಕ್ಷಣಕ್ಕೆ ಜೋಡಿಸಬೇಕು. ಇಂದು ವಿಚಾರಣೆ ಮುಗಿಯುವ ಆ ಕ್ಷಣದಲ್ಲೇ ಅದು ಮುಂದುವರಿಯಬೇಕು.

ಹೃದಯದ ಹೆಸರಿನಲ್ಲಿ ಈ ಕಾಯಿಲೆ ವೈದ್ಯರ ಬಳಿ ಬರುವುದು ಹೊಸತಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡ ಎದೆಬಡಿತ, ಉಸಿರಾಟದ ತೊಂದರೆ, ಎದೆನೋವುಗಳನ್ನು ಜೇಕಬ್ ಡ ಕೋಸ್ಟಾ 1871ರಲ್ಲಿ ಹೃದಯದ ತೊಂದರೆಯಾಗಿಯೇ ವರ್ಣಿಸಿದರು. ಇಂದು ಆ ವರ್ಣನೆಗಳನ್ನು ಓದಿದರೆ ಅವರಲ್ಲಿ ಕೆಲವರಿಗಾದರೂ ಪ್ಯಾನಿಕ್ ಇತ್ತೆಂದು ಊಹಿಸಬಹುದು. ಇದು ಪ್ರತ್ಯೇಕ ಕಾಯಿಲೆಯಾಗಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿದ್ದು 1980ರಲ್ಲಿ. ಮಾನದಂಡ ಸರಳ: ಅನಿರೀಕ್ಷಿತವಾಗಿ ಮತ್ತೆ ಮತ್ತೆ ಬರುವ, ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರುವ ದಾಳಿಗಳು, ಹದಿಮೂರು ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು, ಜೊತೆಗೆ ಮತ್ತೆ ಬಂದೀತೆಂಬ ಆತಂಕ ಅಥವಾ ಅದನ್ನು ತಪ್ಪಿಸಲು ನಡವಳಿಕೆಯಲ್ಲಾದ ಬದಲಾವಣೆ ಒಂದು ತಿಂಗಳಾದರೂ ಇರಬೇಕು. ಈ ಕೊನೆಯ ಅಂಶವೇ ಕಾಯಿಲೆಯ ನಿಜವಾದ ಭಾರ. ದಾಳಿ ಹತ್ತು ನಿಮಿಷದ್ದು. ಅದರ ಭಯದಿಂದ ಬಸ್ ಹತ್ತದಿರುವುದು, ಸಂತೆಗೆ ಹೋಗದಿರುವುದು, ಒಬ್ಬರೇ ಮನೆಯಲ್ಲಿ ಇರಲಾಗದಿರುವುದು ವರ್ಷಗಟ್ಟಲೆ ನಡೆಯುತ್ತದೆ.

ವೈದ್ಯರ ಕಣ್ಣಿಗೆ ಇದು ಎಷ್ಟು ಸುಲಭವಾಗಿ ತಪ್ಪಿಹೋಗುತ್ತದೆ ಎಂಬುದಕ್ಕೆ ಮಾಂಟ್ರಿಯಲ್‌ನ ಹೃದ್ರೋಗ ಸಂಸ್ಥೆಯ ತುರ್ತು ವಿಭಾಗದಲ್ಲಿ ಫ್ಲೀಟ್ ಮತ್ತು ಸಂಗಡಿಗರು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಎದೆನೋವಿನಿಂದ ಬಂದ 441 ಜನರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಜನರಿಗೆ ಪ್ಯಾನಿಕ್ ಕಾಯಿಲೆಯಿತ್ತು. ಅಂಥವರಲ್ಲಿ ಶೇ 98ರಷ್ಟು ಜನರ ಕಾಯಿಲೆಯನ್ನು ಹೃದ್ರೋಗ ತಜ್ಞರು ಗುರುತಿಸಿರಲಿಲ್ಲ. ದೊಡ್ಡ ಹೃದ್ರೋಗ ಆಸ್ಪತ್ರೆಯ ಈ ಅಂಕಿಗಳನ್ನು ಅರಕಲಗೂಡಿನ ಒಂದು ಆರೋಗ್ಯ ಕೇಂದ್ರಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಹುಡುಕಾಟ ಎಲ್ಲಿ ಫಲಿಸುತ್ತದೆ ಎಂಬುದನ್ನು ಅವು ತೋರಿಸುತ್ತವೆ.

ಎಲ್ಲರನ್ನೂ ತಪಾಸಣೆ ಮಾಡಬೇಕೆಂಬ ಪಕ್ಷಕ್ಕೆ ಬಲ ಬಂದಿರುವುದು ನಿಜ. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2023ರ ಜೂನ್‌ನಲ್ಲಿ 64 ವರ್ಷದವರೆಗಿನ ವಯಸ್ಕರಿಗೆ ಆತಂಕದ ಕಾಯಿಲೆಗಳ ತಪಾಸಣೆಯನ್ನು ಶಿಫಾರಸು ಮಾಡಿತು. ಅದಕ್ಕಿಂತ ಮೇಲಿನ ವಯಸ್ಸಿನವರಿಗೆ ಆಧಾರ ಸಾಲದು ಎಂದಿತು. ಆ ಶಿಫಾರಸು ನಿಂತಿರುವುದು ಪ್ರಶ್ನಾವಳಿಗಳ ನಿಖರತೆ ಮತ್ತು ಚಿಕಿತ್ಸೆಯ ಪರಿಣಾಮ ಎಂಬ ಎರಡು ಕೊಂಡಿಗಳ ಮೇಲೆ; ತಪಾಸಣೆ ಮಾಡಿದ್ದರಿಂದಲೇ ರೋಗಿಗೆ ಒಳ್ಳೆಯದಾಯಿತು ಎಂಬುದಕ್ಕೆ ನೇರ ಸಾಕ್ಷ್ಯ ತೀರ ಕಡಿಮೆ. ನಮ್ಮಲ್ಲಿ ಎರಡನೆಯ ಕೊಂಡಿಯೇ ಸಡಿಲ. ಹೆಸರಿಟ್ಟ ಕಾಯಿಲೆಗೆ ಚಿಕಿತ್ಸೆ ಸಿಗುವಂತಿರಬೇಕು ಎಂಬುದು ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ತಪಾಸಣಾ ತತ್ವಗಳಲ್ಲೇ ಇದೆ.

ಮೊದಲನೆಯ ಕೊಂಡಿಯನ್ನೂ ಲೆಕ್ಕ ಹಾಕಿ ನೋಡಬೇಕು. ಹೆಚ್ಚು ಬಳಕೆಯಲ್ಲಿರುವುದು ಏಳು ಪ್ರಶ್ನೆಗಳ ಜಿಎಡಿ-7. ಕ್ರೋಂಕೆ ಮತ್ತು ಸಂಗಡಿಗರು ಅಮೆರಿಕದ ಪ್ರಾಥಮಿಕ ಚಿಕಿತ್ಸಾಲಯಗಳ 965 ರೋಗಿಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 6.8ರಷ್ಟು ಜನರಿಗೆ ಪ್ಯಾನಿಕ್ ಕಾಯಿಲೆಯಿತ್ತು. 10 ಅಂಕದ ಗಡಿಯಲ್ಲಿ ಜಿಎಡಿ-7 ಪ್ಯಾನಿಕ್ ಇದ್ದವರಲ್ಲಿ ಶೇ 74ರಷ್ಟು ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 81ರಷ್ಟು ಜನರನ್ನು ಸರಿಯಾಗಿ ಹೊರಗಿಡುತ್ತದೆ. ಹೊರರೋಗಿ ವಿಭಾಗಕ್ಕೆ ಬರುವ ಸಾವಿರ ಜನರಲ್ಲಿ ಐವತ್ತು ಮಂದಿಗೆ ಈ ಕಾಯಿಲೆ ಇದೆಯೆಂದು ಇಟ್ಟುಕೊಳ್ಳೋಣ. 37 ಜನ ಸಿಗುತ್ತಾರೆ. ಅವರ ಜೊತೆ ಪ್ಯಾನಿಕ್ ಇಲ್ಲದ ಸುಮಾರು 180 ಜನರೂ ಪಟ್ಟಿಗೆ ಸೇರುತ್ತಾರೆ. ಅಂದರೆ ಪಟ್ಟಿಯಲ್ಲಿದ್ದ ಆರು ಜನರಲ್ಲಿ ಒಬ್ಬರಿಗಷ್ಟೇ ಪ್ಯಾನಿಕ್. ಅದೇ ಸಾಧನವನ್ನು ನಾಲ್ವರಲ್ಲೊಬ್ಬರಿಗೆ ಕಾಯಿಲೆ ಇರುವ ಗುಂಪಿನಲ್ಲಿ ಬಳಸಿದರೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಜನರಿಗೆ ನಿಜಕ್ಕೂ ಕಾಯಿಲೆಯಿರುತ್ತದೆ. ಸಾಧನ ಒಂದೇ, ಕೇಳುವ ಜಾಗ ಬೇರೆ. ಒಬ್ಬರೇ ವೈದ್ಯರಿರುವ ಕೇಂದ್ರದಲ್ಲಿ ಈ ವ್ಯತ್ಯಾಸವೇ ಯೋಜನೆಯನ್ನು ಉಳಿಸುವುದು ಅಥವಾ ಕೆಡಿಸುವುದು.

ಏನು ಕೇಳಬೇಕು ಎಂಬುದೂ ಅಷ್ಟೇ ಮುಖ್ಯ. ಜಿಎಡಿ-7 ಚಿಂತೆಯನ್ನು ಕೇಂದ್ರದಲ್ಲಿಟ್ಟುಕೊಂಡ ಪ್ರಶ್ನಾವಳಿ. ಎದೆ ಹಿಡಿದುಕೊಂಡು ಬಂದವರನ್ನು ‘ನಿಮಗೆ ಚಿಂತೆ ಜಾಸ್ತಿಯೇ?’ ಎಂದು ಕೇಳಿದರೆ, ತನ್ನ ನೋವನ್ನು ಇವರು ನಂಬುತ್ತಿಲ್ಲ ಎಂದೇ ಅವರಿಗೆ ಕೇಳಿಸುತ್ತದೆ. ಸ್ಟೈನ್ ಮತ್ತು ಸಂಗಡಿಗರು 1999ರಲ್ಲಿ ಪ್ರಾಥಮಿಕ ಚಿಕಿತ್ಸೆಗೆಂದೇ ರೂಪಿಸಿದ ಎರಡು ಪ್ರಶ್ನೆಗಳ ಸಾಧನ ಈ ದೃಷ್ಟಿಯಿಂದ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಆರು ತಿಂಗಳಲ್ಲಿ ಇದ್ದಕ್ಕಿದ್ದಂತೆ ಗಾಬರಿ ಆವರಿಸಿದ್ದುಂಟೇ ಎಂಬುದು ಒಂದು ಪ್ರಶ್ನೆ. ಕಾರಣವಿಲ್ಲದೆ ಎದೆಬಡಿತ ಏರಿದ್ದು, ತಲೆ ತಿರುಗಿದ್ದು, ಉಸಿರು ಸಿಗದಂತಾದದ್ದು ಉಂಟೇ ಎಂಬುದು ಇನ್ನೊಂದು. ಕಾಯಿಲೆಯಿರುವವರು ಇದರಿಂದ ತಪ್ಪಿಸಿಕೊಳ್ಳುವುದು ಅಪರೂಪ, ಆದರೆ ಇಲ್ಲದವರೂ ಬಹಳ ಮಂದಿ ಹೌದೆನ್ನುತ್ತಾರೆ. ಹಾಗಾಗಿ ಇದನ್ನು ಬಾಗಿಲಾಗಿ ಬಳಸಿ, ಹೌದೆಂದವರಿಗೆ ಮಾತ್ರ ಪಿಎಚ್‌ಕ್ಯೂ ಪ್ರಶ್ನಾವಳಿಯ ಪ್ಯಾನಿಕ್ ಭಾಗವನ್ನು ಕೇಳಬೇಕು: ಹಿಂದೆಯೂ ಬಂದಿತ್ತೇ, ಸುಮ್ಮನೆ ಕೂತಿದ್ದಾಗಲೂ ಬರುತ್ತದೆಯೇ, ಮತ್ತೆ ಬಂದೀತೆಂಬ ಹೆದರಿಕೆ ಕಾಡುತ್ತದೆಯೇ, ಬಂದಾಗ ಮೈಯಲ್ಲಿ ಏನೇನಾಗುತ್ತದೆ. ಇದಕ್ಕೆ ನಾನು ಒಂದು ಪ್ರಶ್ನೆ ಸೇರಿಸುತ್ತೇನೆ: ಈ ಭಯದಿಂದ ಎಲ್ಲಿಗೆ ಹೋಗುವುದನ್ನು ಬಿಟ್ಟಿದ್ದೀರಿ? ಜೊತೆಗೆ ಖಿನ್ನತೆಯನ್ನೂ ಸಾಯುವ ಯೋಚನೆಗಳನ್ನೂ ಕೇಳದೆ ಯಾರನ್ನೂ ಕಳಿಸಬಾರದು.

ಇಲ್ಲೊಂದು ಎಚ್ಚರ ಅಗತ್ಯ. ಒಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲ ಎಂದಾಗದು. ನೋವಿನ ಬಗೆ, ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನ ಅಭ್ಯಾಸ ನೋಡಿ ಮತ್ತೊಮ್ಮೆ ಇಸಿಜಿ ಮತ್ತು ಟ್ರೋಪೋನಿನ್ ಪರೀಕ್ಷೆ ಬೇಕಾಗಬಹುದು. ಮಾಂಟ್ರಿಯಲ್ ಅಧ್ಯಯನದಲ್ಲಿ ಪ್ಯಾನಿಕ್ ಇದ್ದವರಲ್ಲಿ ಶೇ 44ರಷ್ಟು ಜನರಿಗೆ ಮೊದಲೇ ಹೃದಯದ ರಕ್ತನಾಳದ ಕಾಯಿಲೆಯೂ ಇತ್ತು. ಎರಡೂ ಒಟ್ಟಿಗೆ ಇರಬಹುದು ಎಂಬುದನ್ನು ಮರೆತರೆ ಈ ತಪಾಸಣೆ ಅಪಾಯಕಾರಿ. ನಮ್ಮ ಹೆಣ್ಣುಮಕ್ಕಳಲ್ಲಿ ವ್ಯಾಪಕವಾಗಿರುವ ರಕ್ತಹೀನತೆ, ಥೈರಾಯ್ಡ್ ಹೆಚ್ಚಳ, ಆಸ್ತಮಾ ಮತ್ತು ಅದರ ಔಷಧಿಗಳು, ಸಕ್ಕರೆ ಇಳಿಯುವಿಕೆ, ಹೃದಯದ ಲಯ ತಪ್ಪುವಿಕೆ, ಕುಡಿತ ದಿಢೀರ್ ಬಿಟ್ಟಾಗಿನ ನಡುಕ, ಇವೆಲ್ಲ ಪ್ಯಾನಿಕ್‌ನಂತೆಯೇ ತೋರುತ್ತವೆ. ಮಧ್ಯವಯಸ್ಸು ದಾಟಿದ ಮೇಲೆ ಮೊದಲ ಬಾರಿಗೆ ದಾಳಿ ಬಂದವರಲ್ಲಿ ದೇಹದ ಕಾರಣವನ್ನು ಇನ್ನಷ್ಟು ಗಟ್ಟಿಯಾಗಿ ಹುಡುಕಬೇಕು.

ಗುರುತಿಸಿದ ಮೇಲೆ ಮಾಡಬೇಕಾದ ಮೊದಲ ಚಿಕಿತ್ಸೆ ವಿವರಣೆ. ಮೈಯ ಸಣ್ಣ ಸಂವೇದನೆಯನ್ನು ಸಾವಿನ ಮುನ್ಸೂಚನೆ ಎಂದು ಅರ್ಥೈಸುವುದು, ಆ ಅರ್ಥದಿಂದ ಭಯ, ಭಯದಿಂದ ಇನ್ನಷ್ಟು ಸಂವೇದನೆ: ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ ಈ ಸುತ್ತನ್ನು ಕಾಗದದ ಮೇಲೆ ಬರೆದು ತೋರಿಸಲು ಐದು ನಿಮಿಷ ಸಾಕು. ‘ಏನೂ ಇಲ್ಲ’ ಎಂಬ ಮಾತು ಈ ಸುತ್ತನ್ನು ಮುರಿಯುವುದಿಲ್ಲ. ಏನಾಯಿತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇಲ್ಲ. ಔಷಧಿ ಬೇಕಾದವರಿಗೆ ಎಸ್ಸಿಟಾಲೋಪ್ರಾಮ್‌ನಂಥದ್ದನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, ಮೊದಲ ವಾರ ತಳಮಳ ಹೆಚ್ಚಬಹುದು, ಗುಣ ಕಾಣಲು ಕೆಲವು ವಾರ ಬೇಕು ಎಂದು ಮುಂಚೆಯೇ ಹೇಳಬೇಕು. ಹೇಳದಿದ್ದರೆ ಮೈಯನ್ನೇ ಕಾವಲು ಕಾಯುವ ಈ ರೋಗಿಗಳು ಮೂರನೇ ದಿನಕ್ಕೆ ಮಾತ್ರೆ ಬಿಡುತ್ತಾರೆ. ಆಲ್‌ಪ್ರಜೋಲಾಮ್ ಬೇಗ ಕೆಲಸ ಮಾಡುತ್ತದೆ. ಆ ಕಾರಣಕ್ಕೇ ಬರೆಯಲು ಕೈ ಹೋಗುತ್ತದೆ, ಅದೇ ಕಾರಣಕ್ಕೆ ರೋಗಿ ಅದಕ್ಕೆ ಅಂಟಿಕೊಳ್ಳುತ್ತಾರೆ. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಈ ಗುಂಪಿನ ಔಷಧಿಗಳನ್ನು ಪ್ಯಾನಿಕ್ ಕಾಯಿಲೆಗೆ ಬಳಸಬಾರದೆಂದೇ ಹೇಳುತ್ತದೆ.

ಇದನ್ನೆಲ್ಲ ಮಾಡುವವರು ಯಾರು? ಪ್ರಾಥಮಿಕ ವೈದ್ಯರು ಮನೋರೋಗಗಳಿಗೆ ಚಿಕಿತ್ಸೆ ನೀಡಬಲ್ಲರು ಎಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನ ಬಳ್ಳಾರಿ ಯೋಜನೆ ತೋರಿಸಿತ್ತು. 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೆ ಆ ಪರಂಪರೆಯ ಗಮನ ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು. ನಿಮ್ಹಾನ್ಸ್ ಈಗ ಪ್ರಾಥಮಿಕ ವೈದ್ಯರಿಗೆ ಕೊಡುವ ತರಬೇತಿ ಕೈಪಿಡಿಯಲ್ಲಿ ಪ್ಯಾನಿಕ್ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ಪರಿಶೀಲನಾ ನಮೂನೆಯಲ್ಲಿ ಖಿನ್ನತೆಯ ಎರಡು ಪ್ರಶ್ನೆಗಳಿವೆ, ಪ್ಯಾನಿಕ್ ಇಲ್ಲ. ಅಲ್ಲಿಗೆ ಇನ್ನಷ್ಟು ಪ್ರಶ್ನೆ ತುರುಕುವುದನ್ನು ನಾನು ಒಪ್ಪುವುದಿಲ್ಲ. ಅವರ ಹೊರೆ ಈಗಾಗಲೇ ಅತಿಯಾಗಿದೆ. ಸರಿಯಾದ ಜಾಗ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಾಲ್ಲೂಕು ಆಸ್ಪತ್ರೆಗಳು. ಅಲ್ಲಿ ಇಸಿಜಿ ತೆಗೆದು, ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯಿದೆ. ಹೃದಯಾಘಾತ ಅಲ್ಲವೆಂದು ಖಚಿತವಾದವರಿಗೆ ಎರಡು ಪ್ರಶ್ನೆ, ಹೌದೆಂದವರಿಗೆ ಎರಡು ವಾರದೊಳಗೆ ಮರುಭೇಟಿಯ ಚೀಟಿ, ಅದರ ಮೇಲೆ ಟೆಲಿ-ಮಾನಸ್‌ನ 14416 ಸಂಖ್ಯೆ. ಮಾತಿನ ಚಿಕಿತ್ಸೆಗೆ ತರಬೇತಿ ಪಡೆದ ಸಾಮಾನ್ಯ ಆಪ್ತಸಮಾಲೋಚಕರು ಸಾಕು ಎಂಬುದಕ್ಕೆ ಗೋವಾದ ಪ್ರಯೋಗದ ಫಲಿತಾಂಶ 2010ರಲ್ಲೇ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಅಲ್ಲಿ ಲಾಭ ಎದ್ದುಕಂಡದ್ದು ಸರ್ಕಾರಿ ಕೇಂದ್ರಗಳಲ್ಲಿ.

ಈ ಸಲಹೆಯನ್ನು ಒಂದು ಜಿಲ್ಲೆಯಲ್ಲಿ ಪರೀಕ್ಷೆಗೊಡ್ಡಬಹುದು. ಅರ್ಧ ತಾಲ್ಲೂಕುಗಳಲ್ಲಿ ಇದನ್ನು ಜಾರಿಗೆ ತಂದು, ಉಳಿದೆಡೆ ಈಗಿನಂತೆಯೇ ನಡೆಸಿ, ಆರು ತಿಂಗಳ ನಂತರ ಎರಡನ್ನೂ ಹೋಲಿಸಬೇಕು. ಎಷ್ಟು ಜನರಿಗೆ ಪ್ಯಾನಿಕ್ ಎಂಬ ಹೆಸರು ಬಂತು ಎಂಬುದು ಅಳತೆಗೋಲಾಗಬಾರದು. ದಾಳಿಗಳು ಇಳಿದವೇ, ಮರು-ಇಸಿಜಿ ಕಡಿಮೆಯಾದವೇ, ಬಿಟ್ಟಿದ್ದ ಕೆಲಸಕ್ಕೆ ಎಷ್ಟು ಜನ ಹಿಂದಿರುಗಿದರು ಎಂಬುದನ್ನು ನೋಡಬೇಕು. ಅದಕ್ಕೂ ಮೊದಲು, ಪ್ಯಾನಿಕ್ ಎಂದು ಮನೆಗೆ ಕಳಿಸಿದವರಲ್ಲಿ ಒಬ್ಬರಿಗಾದರೂ ಹೃದಯಾಘಾತ ತಪ್ಪಿಹೋಯಿತೇ ಎಂಬುದನ್ನು ಪ್ರತಿ ತಿಂಗಳೂ ಪರಿಶೀಲಿಸಬೇಕು.